ಗಣಪತಿಯ ಸುತ್ತ ಐದು ಟ್ಯಾಂಕರು

ನಿವೃತ್ತನಾದ ಗಂಡಸಿಗೆ ಸ್ವಂತ ಮನೆಯಲ್ಲಿ ಒಂದು ಕುರ್ಚಿಯಷ್ಟು ಜಾಗ ಉಳಿದರೆ ಅದೇ ಪುಣ್ಯ ಎಂದು ಅನುಭವಸ್ಥರು ಹೇಳುತ್ತಾರೆ. ನಾನು ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಜಾಗವನ್ನು, ಅದೂ ನಡುಮನೆಯಲ್ಲೇ, ಹಿಡಿದುಕೊಂಡು ಕೂತಿದ್ದೆ. ನಮ್ಮ ದಾಂಡೇಲಿಯ ಸುತ್ತ ಕಾಡಿನ ಜಮೀನು ಒತ್ತುವರಿ ಮಾಡಿದರೆ ಮೈಮೇಲೆ ಕೇಸು ಬೀಳುತ್ತದೆ. ನನ್ನ ಮೇಲೆ ಹೆಂಡತಿ ಕಮಲಾ ಬಿದ್ದಿದ್ದಳು. ಒತ್ತುವರಿ ಮಾಡಿದ್ದು ಒಂದು ಪ್ಲೈವುಡ್ ಹಲಗೆ. ಅದರ ಮೇಲೆ ಹಳಿ, ಹಳಿಯ ಮೇಲೆ ಆಟಿಕೆ ರೈಲು. ಮನೆಗೆ ಬಂದವರೆಲ್ಲ ಅದನ್ನು ನೋಡಿ, "ಮೊಮ್ಮಕ್ಕಳು ಬಂದಾರೇನ್ರಿ?" ಎಂದು ಕೇಳುತ್ತಿದ್ದರು. ನಾನು ಉತ್ತರ ಹುಡುಕುವಷ್ಟರಲ್ಲಿ ಒಳಗಿನಿಂದ ಕಮಲಾ, "ಇಲ್ರೀ, ಅದು ಅವರದ!" ಎಂದು ಕೂಗಿ ಹೇಳುತ್ತಿದ್ದಳು. ಬಂದವರು ಆಮೇಲೆ ನನ್ನ ಆರೋಗ್ಯ ವಿಚಾರಿಸುತ್ತಿದ್ದರು.

ಈ ಹುಚ್ಚಿಗೆ ಮೂಲ ನನ್ನ ನೌಕರಿ. ಊರಿನ ಕಾರ್ಖಾನೆಯೊಂದರಲ್ಲಿ ನಾನು ಮೂವತ್ತು ವರ್ಷ ಗೇಟಿನ ಹತ್ತಿರವೇ ಸವೆದವನು. ಕಾಸ್ಟಿಕ್ ದ್ರಾವಣ ಹೊತ್ತ ಟ್ಯಾಂಕರ್ ಲಾರಿ ಬಂದು ನಿಂತರೆ ಏಣಿ ಹತ್ತಿ, ಮೇಲಿನ ಮುಚ್ಚಳ ತೆಗೆಸಿ, ಅಳತೆಗೋಲು ಇಳಿಸಿ, ಶೀಶೆಯಲ್ಲಿ ಸ್ಯಾಂಪಲ್ ಹಿಡಿದು ಸಹಿ ಹಾಕುವುದು ನನ್ನ ಕೆಲಸ. ಗಾಡಿಯ ನಂಬರ್ ಬರೆದುಕೊಳ್ಳುವುದು ಸೆಕ್ಯೂರಿಟಿಯವರ ಕೆಲಸ, ತೂಕ ನೋಡುವುದು ಕಾಟಾದವರ ಕೆಲಸ. ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ಇಣುಕುವುದು ನಮ್ಮಲ್ಲಿ ಮಹಾ ಅಪಚಾರ. ಒಮ್ಮೆ ನಾನು ಸುಮ್ಮನೆ ನಂಬರ್ ಪ್ಲೇಟಿನ ಕಡೆ ಕಣ್ಣು ಹಾಯಿಸಿದ್ದಕ್ಕೆ ಗೇಟಿನ ಹವಾಲ್ದಾರ, "ಯಾಕ್ರೀ ಸರ, ನಮ್ಮ ಮ್ಯಾಲ ನಂಬಿಗಿ ಇಲ್ಲೇನು?" ಎಂದು ಎರಡು ದಿನ ಮುಖ ಊದಿಸಿಕೊಂಡಿದ್ದ. ಅಂದಿನಿಂದ ನಾನು ಟ್ಯಾಂಕರಿನ ಮೈಯನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಆದರೆ ಮೈಯನ್ನು ಮಾತ್ರ ಎಷ್ಟು ಸೂಕ್ಷ್ಮವಾಗಿ ನೋಡಿದೆ! ಕಿಸೆಯ ಡೈರಿಯಲ್ಲಿ ಚಿತ್ರ ಬರೆದು ಟಿಪ್ಪಣಿ ಮಾಡಿಟ್ಟಿದ್ದೇನೆ: ಕಪ್ಪು, ಏಣಿ ಎಡಕ್ಕೆ. ಬೆಳ್ಳಿ ಬಣ್ಣ, ಏಣಿ ಎಡಕ್ಕೆ, ಮುಚ್ಚಳ ಹೊಸದು. ನೀಲಿ, ಏಣಿ ಬಲಕ್ಕೆ. ಹಸಿರು. ಕಾವಿ ಕೆಂಪು. ಮೂವತ್ತು ವರ್ಷಗಳಲ್ಲಿ ಗೋವಾ ಕಡೆಯಿಂದ ಬಂದ ಐದು ಬಗೆಯ ಟ್ಯಾಂಕರುಗಳು. ಐದನ್ನೂ ಓಡಿಸುತ್ತಿದ್ದವನು ಒಬ್ಬನೇ, ಹಳಿಯಾಳದ ಕಡೆ ತೇರಗಾಂವದ ಯಲ್ಲಪ್ಪ. ಇಷ್ಟೊಂದು ಗಾಡಿಗಳನ್ನು ಒಬ್ಬನ ಕುತ್ತಿಗೆಗೆ ಕಟ್ಟಿದ್ದಾರಲ್ಲ ಎಂದು ಅವನ ಮೇಲೆ ನನಗೆ ಬಹಳ ಮರುಕವಿತ್ತು.

ನಿವೃತ್ತಿಯಾದ ಮೇಲೆ ಈ ಐದು ಟ್ಯಾಂಕರುಗಳನ್ನು ಹಲಗೆಯ ಮೇಲೆ ಓಡಿಸಬೇಕೆನಿಸಿತು. ನಿಜವಾದವು ರಸ್ತೆಯ ಮೇಲೆ ಬರುತ್ತಿದ್ದವು, ನಿಜ. ಆದರೆ ನನ್ನ ಹಲಗೆಯ ರಾಜ್ಯದಲ್ಲಿ ನಾನೇ ರೈಲ್ವೆ ಮಂತ್ರಿ. ಲಾರಿಯ ಮೇಲಿನ ಟ್ಯಾಂಕನ್ನು ಎತ್ತಿ ರೈಲಿನ ಗಾಲಿಗಳ ಮೇಲೆ ಕೂರಿಸಲು ಯಾರ ಅಪ್ಪಣೆ ಬೇಕು? ಬೇಕಂತೆ. ಆಟಿಕೆ ರೈಲಿನವರದ್ದೊಂದು ವಾಟ್ಸ್ಯಾಪ್ ಗುಂಪಿದೆ. ಅಲ್ಲಿ ನನ್ನ ವಿಚಾರ ತಿಳಿಸಿದಾಗ ಇಬ್ಬರು ನನಗೆ ಛೀಮಾರಿ ಹಾಕಿದರು, ಒಬ್ಬರು ಗುಂಪನ್ನೇ ಬಿಟ್ಟುಹೋದರು. ಉಳಿದವರು ಏಣಿಗೆ ಎಷ್ಟು ಮೆಟ್ಟಿಲಿರಬೇಕು ಎಂಬ ವಿಷಯಕ್ಕೆ ಮೂರು ದಿನ ಬಡಿದಾಡಿಕೊಂಡರು.

ಹುಬ್ಬಳ್ಳಿಯ ಆಟಿಕೆ ಅಂಗಡಿಗಳನ್ನೆಲ್ಲ ಜಾಲಾಡಿದೆ. ಟ್ಯಾಂಕರ್ ಎಂದರೆ ಎಲ್ಲ ಕಡೆ ಒಂದೇ ನಮೂನೆಯ ಕಪ್ಪು ಡಬ್ಬಿ. ಕೊನೆಗೆ ಮೊಬೈಲಿನಲ್ಲಿ "ಐದು ಬಗೆಯ ಟ್ಯಾಂಕರುಗಳು" ಎಂಬ ಪೆಟ್ಟಿಗೆ ಕಣ್ಣಿಗೆ ಬಿತ್ತು. ತರಿಸಿದೆ. ಬಿಚ್ಚಿ ನೋಡಿದರೆ ಒಂದೇ ಅಚ್ಚಿನ ಐದು ಡಬ್ಬಿ! ಅದೇ ಉದ್ದ, ಅದೇ ಹೊಟ್ಟೆ, ಬಣ್ಣ ಮಾತ್ರ ಬೇರೆ ಬೇರೆ. ಮೂವತ್ತು ವರ್ಷ ಟ್ಯಾಂಕರ್ ಹತ್ತಿ ಇಳಿದವನಿಗೇ ಈ ಟೋಪಿಯೇ? ಪೆಟ್ಟಿಗೆಯನ್ನು ವಾಪಸು ಕಳಿಸಿ, ಒಂದೇ ಒಂದು ನಕ್ಷತ್ರ ಕೊಟ್ಟು, ಅಭಿಪ್ರಾಯದ ಜಾಗದಲ್ಲಿ ಖಾರವಾಗಿ ಬರೆದೆ: "ಒಂದೇ ಡಬ್ಬಿಗೆ ಐದು ಬಣ್ಣ ಬಳಿದು ಐದು ಟ್ಯಾಂಕರ್ ಎನ್ನುವುದು ಶುದ್ಧ ಮೋಸ. ಇಂಥದ್ದು ನಿಜ ಜೀವನದಲ್ಲಿ ಎಲ್ಲಿಯೂ ನಡೆಯುವುದಿಲ್ಲ. ಇದು ಅನುಭವಿಯ ಮಾತು." ಬರೆದು ಕಮಲಾಗೆ ಓದಿ ಹೇಳಿದೆ. ಅವಳು ನನ್ನ ಡೈರಿಯ ಚಿತ್ರಗಳನ್ನು ತಿರುವಿ ಹಾಕಿ, "ಇವೂ ಎಲ್ಲಾ ಒಂದ ನಮೂನಿ ಕಾಣ್ತಾವಲ್ರೀ" ಎಂದಳು. ನೋಡುವ ಕಣ್ಣು ಎಲ್ಲರಿಗೂ ಇರುವುದಿಲ್ಲ ಎಂದು ನಾನು ಸಮಾಧಾನವಾಗಿ ತಿಳಿಸಿ ಹೇಳಿದೆ. ಅದೇ ನಾನು ಮಾಡಿದ ತಪ್ಪು.

ಅಷ್ಟರಲ್ಲಿ ಗಣಪತಿ ಹಬ್ಬ ಹತ್ತಿರ ಬಂತು. ನಮ್ಮ ಕಡೆ ಮನೆಯ ಗಣಪತಿ ಎಂದರೆ ಮೂರ್ತಿಗಿಂತ ಅಲಂಕಾರದ್ದೇ ದೊಡ್ಡ ಸುದ್ದಿ. ಐದು ದಿನ ಓಣಿಯ ಜನ ಮನೆಮನೆಗೆ ಹೋಗಿ ಗಣಪತಿಯನ್ನು ನೋಡಿ, ಹೊರಗೆ ಬಂದು ಮಂಟಪಕ್ಕೆ ಮಾರ್ಕು ಹಾಕುತ್ತಾರೆ. ನಮ್ಮ ಗಣಪತಿ ಕೂರುವ ಜಾಗದಲ್ಲಿ ಈ ಸಲ ಹಲಗೆ ಕೂತಿತ್ತು. "ಗಣಪತಿ ಎಲ್ಲಿ ಕೂಡಬೇಕ್ರಿ, ನಿಮ್ಮ ತೊಡಿ ಮ್ಯಾಲೇನು?" ಎಂದು ಕಮಲಾ ಕೇಳಿದಳು. ಗಣಪತಿಯನ್ನು ಹಲಗೆಯ ನಡುವೆ ಕೂರಿಸೋಣ, ರೈಲು ಪ್ರದಕ್ಷಿಣೆ ಹಾಕಲಿ ಎಂದೆ. ಅವಳು ಷರತ್ತು ಹಾಕಿದಳು: "ಆತು. ಐದ ದಿನದಾಗ ಒಬ್ಬರರ, ನೀವು ಬಾಯಿ ಬಿಡದ, ತಾವಾಗೆ ಈ ಟ್ಯಾಂಕರ್ ಐದೂ ಬ್ಯಾರೆ ಬ್ಯಾರೆ ಅದಾವು ಅಂದ್ರ ಹಲಗಿ ಇಲ್ಲೇ ಇರಲಿ. ಇಲ್ಲಂದ್ರ ಗಣಪತಿ ಹೊಳಿಗೆ, ಹಲಗಿ ಅಟ್ಟಕ್ಕ." ಅಟ್ಟಕ್ಕೆ ಹೋದ ವಸ್ತು ನಮ್ಮ ಮನೆಯಲ್ಲಿ ಮತ್ತೆ ಕೆಳಗೆ ಇಳಿದ ಉದಾಹರಣೆಯೇ ಇಲ್ಲ. ನನ್ನ ತಬಲಾ ಇನ್ನೂ ಅಲ್ಲೇ ಇದೆ.

ಅಂಗಡಿಯಲ್ಲಿ ಸಿಗದಿದ್ದರೆ ಮಾಡಿಸಬೇಕು. ಬಸ್ ನಿಲ್ದಾಣದ ಹಿಂದೆ ಗ್ಯಾರೇಜು ಇಟ್ಟಿರುವ ಮೆಹಬೂಬ ನನ್ನ ಹಳೆಯ ಗೆಳೆಯ. ಅವನ ಮುಂದೆ ಒಂದು ಚೀಲ ಸುರಿದೆ: ಮನೆಯ ಟಾರ್ಚು, ಶೇವಿಂಗ್ ಫೋಮಿನ ಡಬ್ಬಿ, ಪೌಡರ್ ಡಬ್ಬಿ, ನಶ್ಯದ ಉದ್ದ ಡಬ್ಬಿ, ಮತ್ತು ಕಮಲಾ ತವರಿನಿಂದ ತಂದ ತಗಡಿನ ಇಂಗಿನ ಡಬ್ಬಿ. ಅವನು ತಗಡು ಕತ್ತರಿಸಿ, ಬೆಸೆದು, ಗಾಲಿ ಕೂರಿಸಿ, ನನ್ನ ಡೈರಿಯಲ್ಲಿದ್ದಂತೆಯೇ ಏಣಿ, ಮುಚ್ಚಳ ಜೋಡಿಸಿ, ಬಣ್ಣ ಹಚ್ಚಿದ. ಐದೂ ಒಂದಕ್ಕಿಂತ ಒಂದು ಚೆಂದ. ಕೊನೆಗೆ ನಾನು ಡೈರಿ ತೆರೆದು, "ಇನ್ನ ನೆಗ್ಗು ಹಾಕು" ಎಂದೆ. ಗೋವಾ ದಾರಿಯ ಅನಮೋಡ ಘಟ್ಟ ಹತ್ತಿ ಬರುವ ಗಾಡಿಗಳಲ್ಲವೇ, ಐದಕ್ಕೂ ಹಿಂದೆ ಎಡಮಗ್ಗುಲಲ್ಲಿ ಒಂದೊಂದು ನೆಗ್ಗು ಇತ್ತು. ಮೆಹಬೂಬ ಸುತ್ತಿಗೆ ಎತ್ತಿದವನು ತಡೆದ.

"ಅರೆ ಸಾಹೇಬ್ರ, ಐದಕ್ಕೂ ಒಂದ ಜಾಗಾದಾಗ? ಎಲ್ಲಾ ಗಾಡಿ ಒಂದ ಕಂಬಕ್ಕ ಹೊಡದಾವೇನು?"

ನನ್ನ ಬಳಿ ಇದಕ್ಕೆ ಹಳೆಯ ಸಿದ್ಧಾಂತವೊಂದು ತಯಾರಿತ್ತು. ಅನಮೋಡದ ಘಟ್ಟದಲ್ಲಿ ಎಲ್ಲೋ ಒಂದು ತಿರುವಿನಲ್ಲಿ ಬಂಡೆಯೊಂದು ರಸ್ತೆಗೆ ಚಾಚಿಕೊಂಡಿರಬೇಕು. ಟ್ಯಾಂಕರುಗಳು ಅಲ್ಲಿ ತಿರುಗುವಾಗ ಹಿಂಭಾಗ ಎಡಕ್ಕೆ ಉಜ್ಜುತ್ತದೆ. ನಾನು ಆ ಬಂಡೆಯನ್ನು ಕಂಡವನಲ್ಲ, ಆದರೆ ಕಾರ್ಖಾನೆಯ ಸುರಕ್ಷತಾ ಸಭೆಯಲ್ಲಿ ಅದರ ಬಗ್ಗೆ ಹತ್ತು ನಿಮಿಷ ಮಾತಾಡಿ ಚಪ್ಪಾಳೆ ಗಿಟ್ಟಿಸಿದ್ದೆ. ಮೆಹಬೂಬನಿಗೂ ಅದನ್ನೇ ವಿವರಿಸಿದೆ. ಅವನು, "ನೀವು ಓದಿದವರು, ಇರಬಹುದು" ಎಂದು ಟಣ್ ಟಣ್ ಎಂದು ಐದಕ್ಕೂ ಒಂದೊಂದು ಏಟು ಹಾಕಿಕೊಟ್ಟ.

ಗಣಪತಿ ಕೂತ. ಸುತ್ತ ರೈಲು ಓಡಿತು. ಜನ ಬಂದರು. ಮೊದಲ ದಿನ ಬಂದವರೆಲ್ಲ ಕೇಳಿದ್ದು ಕರೆಂಟು ಹೊಡೆಯುತ್ತದೆಯೇ ಎಂದು. ಎರಡನೆಯ ದಿನ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಅರ್ಧ ಗಂಟೆ ನೋಡಿ, "ಇಂಜಿನ್ ಛಲೋ ಐತಿ" ಎಂದರು. ಇಂಜಿನ್ ಅಂಗಡಿಯದು! ಆ ಸಂಜೆ ಕರೆಂಟು ಹೋದಾಗ ಕಮಲಾ ಟಾರ್ಚಿಗಾಗಿ ಮನೆಯೆಲ್ಲ ತಡಕಾಡಿದಳು. ಅದು ಗಣಪತಿಯ ಎಡಕ್ಕೆ ನೀಲಿ ಬಣ್ಣ ಬಳಿದುಕೊಂಡು ನಿಂತಿದೆ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ಮೂರನೆಯ ದಿನ ಪಕ್ಕದ ಮನೆಯವರು ಕಾವಿ ಕೆಂಪು ಟ್ಯಾಂಕರಿನ ಹತ್ತಿರವೇ ಮುಖ ತಂದರು. ನಾನು ಕುರ್ಚಿಯಿಂದ ಎದ್ದು ನಿಂತೆ. ಅವರು ಮೂಗು ಅರಳಿಸಿ, "ಇಂಗಿನ ವಾಸನಿ ಬರ್ತೈತಲ್ರೀ, ಇವತ್ತ ಸಾರು ಮಾಡೀರೇನು?" ಎಂದರು. ಕಮಲಾ ಡಬ್ಬಿಯನ್ನು ನೋಡಿದಳು, ನನ್ನನ್ನು ನೋಡಿದಳು, ಗಣಪತಿಯ ಮುಂದೆ ಜಗಳ ಬೇಡವೆಂದು ಅಡುಗೆಮನೆಗೆ ನಡೆದಳು. ನಾಲ್ಕನೆಯ ದಿನ ನಾನು ಟ್ಯಾಂಕರುಗಳನ್ನು ಸರಿಯಾಗಿ ಜನರ ಮುಂದೆ ನಿಲ್ಲಿಸಿ ಕೆಮ್ಮಿದೆ. ಅವಳು ಒಳಗಿನಿಂದಲೇ, "ಕೆಮ್ಮಂಗಿಲ್ಲ!" ಎಂದಳು.

ಐದನೆಯ ದಿನ, ವಿಸರ್ಜನೆಗೆ ಇನ್ನು ಕೆಲವೇ ತಾಸು ಉಳಿದಿತ್ತು. ಅಟ್ಟದ ಏಣಿಯನ್ನು ಕಮಲಾ ಆಗಲೇ ಗೋಡೆಗೆ ಆನಿಸಿಟ್ಟಿದ್ದಳು. ಆಗ ಕೈಯಲ್ಲಿ ತೆಂಗಿನಕಾಯಿ ಹಿಡಿದು ಬಂದವನು ಯಲ್ಲಪ್ಪ. ತಲೆ ಪೂರ್ತಿ ನರೆತಿದೆ, ಸ್ಟೇರಿಂಗ್ ಬಿಟ್ಟು ಊರಲ್ಲಿ ಹೊಲ ನೋಡಿಕೊಂಡಿದ್ದಾನಂತೆ. ಗಣಪತಿಗೆ ಕೈಮುಗಿದು ಕಣ್ಣು ತೆರೆದವನು ಹಳಿಯ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಅಯ್ಯ ಶಿವನ! ಈ ನೀಲಿದು ನನ್ನ ಗಾಡಿ ಅಲ್ಲೇನ್ರಿ ಸರ?"

ನನ್ನ ಕಣ್ಣಲ್ಲಿ ನೀರೇ ಬಂತು. ಕಮಲಾಳನ್ನು ಕೂಗಿ ಕರೆದೆ. ಅವಳು ಬಾಗಿಲಲ್ಲಿ ನಿಂತಳು. ಯಲ್ಲಪ್ಪ ಬೆರಳು ತೋರಿಸುತ್ತಲೇ ಹೋದ. "ಈ ಹಸರದೂ ನನ್ನ ಗಾಡಿ. ಬೆಳ್ಳಿದೂ. ಕರೇದೂ. ಇದೂ!"

"ಹೌದೋ ಯಲ್ಲಪ್ಪಾ, ಐದೂ ನೀನ ಓಡಿಸಿದ್ದಿ" ಎಂದೆ.

"ಐದು ಎಲ್ಲಿಂದ ಬರಬೇಕ್ರಿ ಸರ? ಇದ್ದದ್ದ ಒಂದು. ಮಾಲಕರು ಬದಲಾದಂಗ ಬಣ್ಣ ಬದಲಾತು. ಎಡಗಡಿ ಏಣಿ ತುಕ್ಕ ಹಿಡದು ಕಿತ್ತ ಬಂತು, ಬಲಕ್ಕ ಬೆಸಿಗಿ ಹಾಕಿಸಿದ್ವಿ. ಎರಡು ಬಣ್ಣದ ಗಾಡಿ ಒಂದ ದಿನ ಗೇಟಿಗೆ ಬಂದದ್ದು ನೋಡೀರೇನು ನೀವು?"

ನೋಡಿರಲಿಲ್ಲ. ಮೂವತ್ತು ವರ್ಷಗಳಲ್ಲಿ ಒಮ್ಮೆಯೂ ನೋಡಿರಲಿಲ್ಲ. ನೋಡಿಲ್ಲ ಎಂಬುದನ್ನೂ ನಾನು ನೋಡಿರಲಿಲ್ಲ. ಸೆಕ್ಯೂರಿಟಿಯವರ ಪುಸ್ತಕದಲ್ಲಿ ಅಷ್ಟೂ ವರ್ಷ ಒಂದೇ ನಂಬರ್ ಇದ್ದಿರಬೇಕು. ಆದರೆ ಬಣ್ಣ ಬರೆಯುವುದು ಅವರ ಕೆಲಸವಲ್ಲ, ನಂಬರ್ ಓದುವುದು ನನ್ನ ಕೆಲಸವಲ್ಲ. ಕೊನೆಯ ಆಸರೆಯಾಗಿ ನೆಗ್ಗು ಮುಟ್ಟಿ, "ಮತ್ತ ಘಟ್ಟದ ತಿರುವಿನಾಗಿನ ಆ ಬಂಡಿಗಲ್ಲು?" ಎಂದೆ.

"ಯಾವ ಬಂಡಿಗಲ್ಲು? ಹೊಸಾ ಗಾಡಿ ಇದ್ದಾಗ ಅನಮೋಡದಾಗ ಚಾ ಕುಡದು ರಿವರ್ಸ್ ತಗೊಳ್ಳೂವಾಗ ಕಂಬಕ್ಕ ನಾನ ಬಡದೆ. ಸರಿ ಮಾಡಸ್ರಿ ಅಂತ ಐದೂ ಮಾಲಕರಿಗೆ ಹೇಳಿದೆ, ಬಣ್ಣ ಹಚ್ಚಿದರ ಹೊರತು ಯಾರೂ ಮಾಡಸ್ಲಿಲ್ಲ. ಏನರ ಅನ್ರಿ ಸರ, ನೆಗ್ಗು ಮಾತ್ರ ಹುಬೇಹೂಬ್ ಕೂಡ್ಸೀರಿ!"

ಬಾಗಿಲಲ್ಲಿ ನಿಂತಿದ್ದ ಕಮಲಾ ಸೆರಗು ಬಾಯಿಗೆ ಒತ್ತಿ ನೆಲಕ್ಕೆ ಕೂತಳು. ನನಗೆ ಅವಮಾನವಾಯಿತು, ಸುಳ್ಳು ಯಾಕೆ ಹೇಳಲಿ. ಮೂವತ್ತು ವರ್ಷದ ಕಣ್ಣು ಐದು ನಿಮಿಷದಲ್ಲಿ ಕುರುಡಾಯಿತು. ಷರತ್ತಿನ ಪ್ರಕಾರ ನಾನು ಸೋತಿದ್ದೆ. ಐದೂ ಬೇರೆ ಬೇರೆ ಎಂದು ಹೇಳುವುದಿರಲಿ, ಐದೂ ಒಂದೇ ಎಂದು ಸಾಕ್ಷಿ ಹೇಳುವವನೇ ಮನೆಗೆ ಬಂದು ಹೋಗಿದ್ದ. ಹಲಗೆ ಬಿಚ್ಚಲು ನಾನೇ ಸ್ಕ್ರೂಡ್ರೈವರ್ ತಂದೆ. ಕಮಲಾ ಅದನ್ನು ಕಸಿದುಕೊಂಡು, "ಇರಲಿ ಇಡ್ರಿ. ಮುಂಡಗೋಡದಿಂದ ನಮ್ಮಕ್ಕ ಬರಾಕಿ ಅದಾಳ, ಆಕಿಗೆ ತೋರಸಬೇಕು" ಎಂದಳು. ಅಂದು ಸಂಜೆ ಗಣಪತಿಯನ್ನು ಕಳಿಸಲು ಬಂದವರಿಗೆಲ್ಲ ವಿವರಣೆ ಕೊಟ್ಟವಳು ಅವಳೇ. ನಾಲ್ಕು ದಿನ ಟ್ಯಾಂಕರಿನ ಕಡೆ ಕಣ್ಣೆತ್ತಿಯೂ ನೋಡದ ಜನ ಈಗ ಹಲಗೆಯ ಮೇಲೆ ಬಗ್ಗಿ ಬಗ್ಗಿ ನೆಗ್ಗು ಎಣಿಸಿದರು. ನಮ್ಮ ಮಂಟಪಕ್ಕೆ ಓಣಿಯಲ್ಲೇ ಎಲ್ಲರಿಗಿಂತ ಹೆಚ್ಚು ಮಾರ್ಕು ಬಂತು.

ಹೀಗೆ ಹಲಗೆ ನಡುಮನೆಯಲ್ಲೇ ಉಳಿಯಿತು, ನನ್ನ ಸೂಕ್ಷ್ಮ ದೃಷ್ಟಿಯ ಸ್ಮಾರಕವಾಗಿ. ನಾನು ಮೊಬೈಲ್ ತೆಗೆದು, ಆ ಪೆಟ್ಟಿಗೆಯವರಿಗೆ ಐದು ನಕ್ಷತ್ರ ಕೊಟ್ಟು ಕ್ಷಮೆ ಕೇಳಲು ನೋಡಿದೆ. ವಾಪಸು ಕಳಿಸಿದವರು ಅಭಿಪ್ರಾಯ ತಿದ್ದುವಂತಿಲ್ಲವಂತೆ. "ಇದು ಅನುಭವಿಯ ಮಾತು" ಎಂಬ ಸಾಲು ಈಗಲೂ ಅಲ್ಲಿದೆ. ಅದೇ ಪೆಟ್ಟಿಗೆಯನ್ನು ಮತ್ತೆ ತರಿಸಿ, ಒಂದೇ ಅಚ್ಚಿನ ಆ ಐದು ಡಬ್ಬಿಗಳನ್ನು ಹಳಿಯ ಮೇಲೆ ಏರಿಸಿದ್ದೇನೆ. ಟಾರ್ಚು ಗೋಡೆಯ ಮೊಳೆಗೆ ಮರಳಿತು, ಇಂಗಿನ ಡಬ್ಬಿ ಗಾಲಿ ಕಳಚಿಕೊಂಡು ಅಡುಗೆಮನೆಗೆ ಹೋಯಿತು. ಅದರ ನೆಗ್ಗು ತೆಗೆಯಲು ಮೆಹಬೂಬ ಬಂದರೂ ಕಮಲಾ ಕೊಡಲಿಲ್ಲ. ಒಗ್ಗರಣೆ ಹಾಕುವಾಗಲೆಲ್ಲ ಅದರ ಮೇಲೆ ಹೆಬ್ಬೆರಳು ಇಟ್ಟು ಒಮ್ಮೆ ನನ್ನ ಕಡೆ ನೋಡುತ್ತಾಳೆ. ಆಮೇಲೆ ಮುಚ್ಚಳ ತೆಗೆಯುತ್ತಾಳೆ.