ನಾಲ್ಕನೇ ಮಹಡಿಗೂ ಐದನೆಯದಕ್ಕೂ ನಡುವೆ ನಿಂತ ಲಿಫ್ಟ್ ಮಹಾಶಯರಿಗೆ

ಮಾನ್ಯರೇ,

ನಮ್ಮ ಕಚೇರಿಯ ಆರೂ ಮಹಡಿಗಳನ್ನು ಹಗಲೆಲ್ಲ ಹತ್ತಿ ಇಳಿದು, ಒಳಗೆ ನಿಂತವರ ಭಾರವನ್ನು ಯಾರ ಮುಂದೆಯೂ ಹೇಳಿಕೊಳ್ಳದ ತಮಗೆ ಮೊದಲಿಗೆ ನನ್ನ ತಲೆಬಾಗಿದ ವಂದನೆಗಳು. ಲಿಫ್ಟ್ ತಯಾರಿಸುವ ಈ ಕಂಪನಿಯ ದೂರು ವಿಭಾಗದಲ್ಲಿ ಒಬ್ಬನೇ ಕೂತು, ತಮ್ಮ ಬಂಧುಬಳಗದವರು ಊರೂರಲ್ಲಿ ಮಾಡುವ ಕಿತಾಪತಿಗಳಿಗೆ ಗ್ರಾಹಕರಲ್ಲಿ ವಿಷಾದ ವ್ಯಕ್ತಪಡಿಸುತ್ತಲೇ ತಲೆ ನರೆಸಿಕೊಂಡವನು ನಾನು. ದೂರು ಓದುವುದಷ್ಟೇ ಗೊತ್ತಿದ್ದ ನನಗೆ ದೂರು ಬರೆಯುವ ಯೋಗ ಕರುಣಿಸಿದವರು ತಾವೇ.

ನಡೆದದ್ದು ತಮಗೆ ಗೊತ್ತಿದ್ದರೂ ಮೊದಲಿಂದ ಹೇಳುವುದು ದೂರಿನ ಪದ್ಧತಿ. ನಮ್ಮ ಮುಖ್ಯಸ್ಥರು ನಿವೃತ್ತರಾಗಿ ಅವರ ಕುರ್ಚಿ ಖಾಲಿಯಾದ ತಿಂಗಳೇ ನಮಗೆಲ್ಲ ಒಂದು ತರಬೇತಿ ನಡೆಯಿತು. ಇನ್ನು ಮೇಲೆ ನಿಮ್ಮನ್ನು ನೌಕರರೆಂದು ತಿಳಿಯಬೇಡಿ, ನೀವೇ ಒಂದು ಉದ್ಯಮ, ಮಾಲೀಕರೂ ನೀವೇ, ಮಾರುವ ಸರಕೂ ನೀವೇ, ಯಾರಾದರೂ ಕರೆದು ಬಡ್ತಿ ಕೊಟ್ಟಾರೆಂದು ಕಾಯುತ್ತ ಕೂರಬೇಡಿ ಎಂದು ತರಬೇತಿಯವರು ಮೈಕು ಹಿಡಿದು ಹೇಳಿದರು. ದೊಡ್ಡವರು ಲಿಫ್ಟಿನಲ್ಲಿ ಸಿಕ್ಕರೆ, ಅದು ಮೇಲೆ ತಲುಪುವ ಅರ್ಧ ನಿಮಿಷದಲ್ಲಿ ಅವರ ಮನಸ್ಸು ಗೆಲ್ಲುವ ಭಾಷಣವೊಂದು ನಾಲಿಗೆಯ ತುದಿಯಲ್ಲಿರಬೇಕಂತೆ. ಬೇರೆಯವರು ಇದನ್ನು ಕೇಳಿ ಮರೆಯಬಹುದು. ಲಿಫ್ಟಿನಿಂದಲೇ ಹೊಟ್ಟೆ ಹೊರೆಯುವ ನಾನು ಹೇಗೆ ಮರೆಯಲಿ?

ಮನೆಯಲ್ಲಿ ಭಾಷಣದ ಅಭ್ಯಾಸ ಶುರುವಾಯಿತು. ಹೆಂಡತಿ ಗಡಿಯಾರ ನೋಡಿದಳು. ಭಾವಮೈದುನ ನಮ್ಮ ಕಂಪನಿಯ ದೊಡ್ಡ ಸಾಹೇಬರ ಪಾತ್ರ ವಹಿಸಿ, ಬೀರುವಿನ ಪಕ್ಕದ ಸಂದಿಯನ್ನೇ ಲಿಫ್ಟ್ ಮಾಡಿಕೊಂಡು ನಿಂತು, ಕಾಫಿ ಕುಡಿಯುತ್ತಲೇ ಪ್ರತಿ ಸಲವೂ ಬಡ್ತಿ ನಿರಾಕರಿಸಿದ. ಎಲ್ಲವನ್ನೂ ಕೇಳುತ್ತ ಕೂತಿದ್ದ ಅಮ್ಮ ಮಾತ್ರ, "ನೀನೇ ಕಂಪನಿ ಆದ್ರೆ ಸಂಬಳ ಯಾರು ಕೊಡ್ತಾರೋ?" ಎಂದಳು. ಅದಕ್ಕೆ ತರಬೇತಿಯಲ್ಲಿ ಉತ್ತರ ಹೇಳಿಕೊಟ್ಟಿರಲಿಲ್ಲ.

ಕಳೆದ ಸೋಮವಾರ ದೊಡ್ಡ ಸಾಹೇಬರು ಒಬ್ಬರೇ ತಮ್ಮೊಳಗೆ ಕಾಲಿಟ್ಟರು, ಬಾಗಿಲು ಮುಚ್ಚುವಷ್ಟರಲ್ಲಿ ನಾನೂ ನುಸುಳಿದೆ. ನಾನು ನೌಕರನಲ್ಲ, ಒಂದು ಉದ್ಯಮ ಎಂದು ಆರಂಭಿಸಿ, ಎರಡನೇ ಮಹಡಿಯಲ್ಲಿ ನನ್ನ ತಾಳ್ಮೆಯನ್ನೂ ನಾಲ್ಕನೆಯದರಲ್ಲಿ ದೂರದೃಷ್ಟಿಯನ್ನೂ ಬಣ್ಣಿಸಿ, ಇನ್ನೇನು ಮುಖ್ಯಸ್ಥರ ಆ ಕುರ್ಚಿಯನ್ನು ಕೇಳಬೇಕು ಎನ್ನುವಾಗ ತಾವು ಗಕ್ಕನೆ ನಿಂತಿರಿ. ಭಾಷಣಕಾರನಿಗೆ ಇಷ್ಟೊಂದು ಸಮಯ ಕೊಟ್ಟ ತಮ್ಮ ಔದಾರ್ಯವನ್ನು ಹೇಗೆ ಹೊಗಳಲಿ? ಆದರೆ ಕೇಳುಗರ ಮುಖ ಅಷ್ಟರಲ್ಲಿ ಬಿಳುಚಿಕೊಂಡಿತ್ತು. ಲಿಫ್ಟ್ ಮಾರಿಯೇ ದೊಡ್ಡವರಾದ ನಮ್ಮ ಸಾಹೇಬರಿಗೆ ನಡುವೆ ನಿಂತ ಲಿಫ್ಟೆಂದರೆ ಜೀವಭಯವೆಂಬುದು ನನಗೆ ಅಂದೇ ತಿಳಿದದ್ದು.

ಅವರು ಅಪಾಯದ ಗುಂಡಿಯನ್ನು ಒತ್ತಿದರು, ಒತ್ತುತ್ತಲೇ ಇದ್ದರು. ಮೇಲೆಲ್ಲೋ ಫೋನು ರಿಂಗಾಗುವುದು ನಮಗಿಬ್ಬರಿಗೂ ಸ್ಪಷ್ಟವಾಗಿ ಕೇಳಿಸುತ್ತಿತ್ತು.

"ಯಾಕ್ರೀ ಯಾರೂ ಎತ್ತುತ್ತಿಲ್ಲ?"

"ಎತ್ತಬೇಕಾದವನು ನಾನೇ ಸಾರ್. ಇಲ್ಲಿದ್ದೀನಿ."

ಆಮೇಲೆ ಭಾಷಣ ಮುಂದುವರಿಸುವ ಧೈರ್ಯ ನನಗಾಗಲಿಲ್ಲ. ಬದಲಿಗೆ, ವರ್ಷಗಟ್ಟಲೆ ಗ್ರಾಹಕರಿಗೆ ಬರೆದ ಸಾಲುಗಳೇ ಬಾಯಿಗೆ ಬಂದವು: ತಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ, ನಮ್ಮ ಸಿಬ್ಬಂದಿ ಶೀಘ್ರವೇ ಆಗಮಿಸುತ್ತಾರೆ, ದಯವಿಟ್ಟು ಸಹಕರಿಸಿ. ಸಾಹೇಬರು ನೆಲದ ಮೇಲೆ ಕೂತು ನನ್ನ ಕೈ ಹಿಡಿದುಕೊಂಡು, ಇನ್ನೊಮ್ಮೆ ಹೇಳು ಎಂದರು. ಐದನೇ ಮಹಡಿಯ ಚಹಾದವನು ನಮ್ಮ ಕೂಗು ಕೇಳಿ ಮೆಕ್ಯಾನಿಕ್ಕನ್ನು ಕರೆತರುವವರೆಗೂ ನಾನು ಹೇಳುತ್ತಲೇ ಇದ್ದೆ.

ಮರುದಿನವೇ ಆದೇಶ ಬಂತು. ನನ್ನ ಸೇವೆ ಕಂಪನಿಗೆ ಅತ್ಯಮೂಲ್ಯವಾದ್ದರಿಂದ ನಾನು ಕಚೇರಿ ವೇಳೆಯಲ್ಲಿ ಫೋನಿನ ಪಕ್ಕದಿಂದ ಕದಲಕೂಡದು, ಲಿಫ್ಟ್ ಹತ್ತಕೂಡದು, ಯಾವ ಕಾರಣಕ್ಕೂ ನನ್ನನ್ನು ಬೇರೆ ಕುರ್ಚಿಗೆ ಕಳಿಸಕೂಡದು. ಮುಖ್ಯಸ್ಥರ ಜಾಗಕ್ಕೆ ಬೇರೆಯವರನ್ನು ಹುಡುಕುತ್ತಿದ್ದಾರೆ, ನಾಳೆಯ ಸಭೆಯಲ್ಲಿ ತೀರ್ಮಾನವಂತೆ. ನಾನೆಂಬ ಸರಕಿನ ಬೆಲೆ ಅಂಗಡಿಯವನೇ ಮಾರಲೊಲ್ಲದಷ್ಟು ಏರಿತು. ಸುಳ್ಳೇಕೆ ಹೇಳಲಿ ಮಾನ್ಯರೇ, ಊಟದ ಡಬ್ಬಿ ಹಿಡಿದು ಆರು ಮಹಡಿ ಮೆಟ್ಟಿಲು ಹತ್ತುವಾಗ ನನಗೆ ಅಳು ಬರುತ್ತದೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಕೋರಿಕೆಗಳಿವೆ. ಕೆಡುವ ಮನಸ್ಸಾದಾಗ, ಒಳಗಿರುವವನ ಬೇಡಿಕೆ ಪೂರ್ತಿ ಮುಗಿದಿದೆಯೇ ಎಂದು ಒಂದು ಮಾತು ವಿಚಾರಿಸಿ ಕೆಡುವಂಥವರಾಗಿ. ನಾಳೆಯ ಸಭೆಗೆ ತಾವೇ ಖುದ್ದಾಗಿ ಬಂದು, ಅಂದು ಯಾರು ಯಾರ ಕೈ ಹಿಡಿದಿದ್ದರು ಎಂದು ಸಾಕ್ಷಿ ನುಡಿಯಿರಿ. ಅದೂ ಆಗದಿದ್ದರೆ, ಅಮ್ಮನ ಪ್ರಶ್ನೆಗಾದರೂ ಒಂದು ಉತ್ತರ ದಯಪಾಲಿಸಿ.

ಇತಿ, ಮೆಟ್ಟಿಲು ಹತ್ತಿ ಬರುವ
ತಮ್ಮ ವಿಶ್ವಾಸಿ,
ಒಂದು ಉದ್ಯಮ
(ದೂರು ವಿಭಾಗ, ಆರನೇ ಮಹಡಿ)

ತಾ.ಕ.: ಇಷ್ಟು ಬರೆದು ಮುಗಿಸುವಷ್ಟರಲ್ಲಿ ಮೇಜಿನ ಮೇಲಿನ ಫೋನು ರಿಂಗಾಯಿತು. ತಾವು ಮತ್ತೆ ಅದೇ ಜಾಗದಲ್ಲಿ ನಿಂತಿದ್ದೀರಂತೆ. ಒಳಗಿನ ದನಿ ದೊಡ್ಡ ಸಾಹೇಬರದು. ಆದೇಶದಂತೆ ನಾನು ಕದಲದೆ ಇಲ್ಲೇ ಇದ್ದೇನೆ, ಮೆಕ್ಯಾನಿಕ್ಕಿಗೂ ಹೇಳಿ ಕಳಿಸಿದ್ದೇನೆ. ಅವನು ಬರುವವರೆಗೆ ತಾವು ದಯವಿಟ್ಟು ಅಲ್ಲಾಡಬಾರದು. ಈ ಸಲ ಭಾಷಣದಲ್ಲಿ ಕುರ್ಚಿಯ ಬೇಡಿಕೆಯನ್ನೇ ಮೊದಲು ಇಟ್ಟುಕೊಂಡಿದ್ದೇನೆ.