ಮಾವನ ಭುಜದೊಳಗಿನ ಸ್ಕ್ರೂ

ನಮ್ಮ ಸೋದರಮಾವನ ಕೈಗೆ ಒಂದು ಸ್ಕ್ರೂಡ್ರೈವರ್ ಕೊಟ್ಟು ದೇವರ ಮನೆಯಲ್ಲಿ ಕೂರಿಸಿದರೆ ದೇವರನ್ನೂ ಬಿಚ್ಚಿ ನೋಡಿಬಿಡುತ್ತಾರೆ! ಭಕ್ತಿ ಕಡಿಮೆ ಅಂತಲ್ಲ. ಒಳಗೆ ಏನಿದೆ ಎಂದು ತಿಳಿಯದಿದ್ದರೆ ಅವರಿಗೆ ಅನ್ನ ಸೇರುವುದಿಲ್ಲ, ಅಷ್ಟೇ. ಹೆಸರು ಹೇಳುವುದಿಲ್ಲ. ಹೊನ್ನವಳ್ಳಿ ಕಡೆಯವರಿಗೆ ಇಷ್ಟು ಹೇಳಿದರೇ ಸಾಕು, ಯಾರೆಂದು ಗೊತ್ತಾಗಿಹೋಗುತ್ತದೆ.

ರೇಡಿಯೊ, ಗೋಡೆ ಗಡಿಯಾರ, ಪಂಪ್‌ಸೆಟ್ಟಿನ ಸ್ಟಾರ್ಟರ್, ಅತ್ತೆ ತವರಿನಿಂದ ತಂದ ಹೊಲಿಗೆ ಯಂತ್ರ, ಮಾವ ಬಿಚ್ಚದೆ ಬಿಟ್ಟದ್ದು ಆ ಮನೆಯಲ್ಲಿ ಯಾವುದೂ ಇರಲಿಲ್ಲ. ಬಿಚ್ಚುವಾಗಿನ ಉತ್ಸಾಹ ಜೋಡಿಸುವಾಗಲೂ ಇರುತ್ತಿತ್ತು, ಅದರಲ್ಲಿ ಮೋಸವಿಲ್ಲ. ಆದರೆ ಎಲ್ಲ ಜೋಡಿಸಿ ಮುಗಿಸಿದ ಮೇಲೆ ಒಂದು ಸ್ಕ್ರೂ ನೆಲದ ಮೇಲೆ ಮಿಕ್ಕಿರುತ್ತಿತ್ತು. ಯಾವಾಗಲೂ! "ಕಂಪ್ನಿಯೋರು ಒಂದ್ ಜಾಸ್ತಿ ಹಾಕಿರ್ತಾರೆ ಕಣ್ಲಾ" ಎಂದು ಅದನ್ನು ಒಂದು ತಗಡಿನ ಡಬ್ಬಿಗೆ ಹಾಕಿಡುತ್ತಿದ್ದರು. ಆಮೇಲೆ ಗಡಿಯಾರ ಮಟಮಟ ಮಧ್ಯಾಹ್ನ ಏಳು ಹೊಡೆಯುತ್ತಿತ್ತು, ಹೊಲಿಗೆ ಯಂತ್ರ ಹಿಂದಕ್ಕೆ ಓಡುತ್ತಿತ್ತು. ಡಬ್ಬಿ ಮಾತ್ರ ವರ್ಷ ವರ್ಷವೂ ಭಾರವಾಗುತ್ತಿತ್ತು.

ಇಂಥ ಮನುಷ್ಯ ಒಂದು ವಸ್ತುವಿನ ಮುಂದೆ ಮಾತ್ರ ತಾಳ್ಮೆಯಿಂದ ಕೂರುತ್ತಿದ್ದರು. ಅದು ತೆಂಗಿನಕಾಯಿ. ನಮ್ಮ ಕಡೆ ಕೊಬ್ಬರಿ ಮಾಡುವುದೆಂದರೆ ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿ ಹೆಚ್ಚುಕಮ್ಮಿ ಒಂದು ವರ್ಷ ಮರೆತುಬಿಡುವುದು. ಒಳಗಿನ ನೀರು ತಾನಾಗಿ ಆರಬೇಕು, ತಿರುಳು ತಾನಾಗಿ ಕರಟ ಬಿಟ್ಟು ಉಂಡೆಯಾಗಬೇಕು. ಮುಂಚೆಯೇ ಒಡೆದಿರೋ, ತಿರುಳು ಕರಟಕ್ಕೆ ಅಂಟಿಕೊಂಡು ಚೂರಾಯಿತು, ವರ್ಷದ ಕಾಯುವಿಕೆ ದಂಡ. ಒಡೆಯದೆ ತಿಳಿಯುವುದು ಹೇಗೆ? ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಲೊಟಲೊಟ ಎಂದರೆ ಬಿಟ್ಟಿದೆ, ಸುಮ್ಮನಿದ್ದರೆ ಇನ್ನೂ ಬಿಟ್ಟಿಲ್ಲ.

ಈ ತೀರ್ಪು ಕೊಡುವ ಅಧಿಕಾರ ಆ ಮನೆಯಲ್ಲಿ ಮಾವನ ಬಲಗೈಗೆ ಮತ್ತು ಬಲಗಿವಿಗೆ ಮಾತ್ರ ಇತ್ತು. ಅವರು ಅಟ್ಟದ ಮೇಲೆ ಕೂತು ಕಣ್ಣು ಮುಚ್ಚಿ ಅಲ್ಲಾಡಿಸುವರು, ಅತ್ತೆ ಕೆಳಗೆ ಬಿದಿರಿನ ಮಂಕರಿ ಹಿಡಿದು ನಿಲ್ಲುವರು. ಮದುವೆಯಾದಾಗಿನಿಂದ ಹೀಗೇ. ಒಮ್ಮೆ ಅತ್ತೆ, ನನಗೂ ಒಂದು ಕೊಡಿ ಕೇಳಿ ನೋಡುತ್ತೇನೆ ಎಂದದ್ದಕ್ಕೆ ಮಾವ ಮೇಲಿನಿಂದಲೇ, "ಅದ್ ಕೇಳೋ ಕಿವಿನೇ ಬೇರೆ ಕಣೇ" ಎಂದಿದ್ದರಂತೆ. ಅತ್ತೆ ಮತ್ತೆ ಕೇಳಲಿಲ್ಲ.

ಅಲ್ಲಾಡಿಸುವ ಚಾಳಿ ಕಾಯಿಗಷ್ಟೇ ನಿಂತಿತೇ? ಎಲ್ಲಿ ಬಂತು! ಬೆಂಕಿಪೊಟ್ಟಣ, ಕೈಗಡಿಯಾರ, ಮುಯ್ಯಿಗೆ ಬಂದ ಉಡುಗೊರೆಯ ಪೊಟ್ಟಣ, ಎಲ್ಲವೂ ಕಿವಿಯ ಹತ್ತಿರ ಹೋಗಿಯೇ ಮುಂದಕ್ಕೆ ಹೋಗಬೇಕು. ನಮ್ಮ ಅಕ್ಕನಿಗೆ ಗಂಡು ನೋಡಲು ತುರುವೇಕೆರೆಗೆ ಹೋದಾಗ ಹುಡುಗನ ತಲೆಯನ್ನು ಹಿಡಿದು ಅಲ್ಲಾಡಿಸಲಿಲ್ಲ, ಅದು ನಮ್ಮ ಪುಣ್ಯ.

ಆ ಬಲಗೈಗೇ ಪೆಟ್ಟು ಬಿತ್ತು. ಎರಡು ಸಾವಿರದ ಇಸವಿ ಕಳೆದ ಹೊಸತು. ಯಾರೂ ಮುಟ್ಟದೆಯೇ ಅಟ್ಟದ ಮೇಲೊಂದು ಕಾಯಿ ಸದ್ದು ಮಾಡುತ್ತಿದೆ ಎಂದು ಮಾವನಿಗೆ ಅನಿಸಿತು. ಇಲಿ ಎಂದರು ಅತ್ತೆ. ಇಲಿಯಾದರೂ ಕಾಯಿಯ ಒಳಗಿದೆಯೋ ಹೊರಗಿದೆಯೋ ನೋಡಬೇಡವೇ! ಏಣಿ ಹತ್ತಿದರು, ಏಣಿ ಜಾರಿತು, ಮಾವ ಬಲಗೈಯಲ್ಲಿ ತೊಲೆ ಹಿಡಿದು ಜೋತುಬಿದ್ದರು. ಅತ್ತೆ ಓಡಿಬಂದು ಏನು ಮಾಡುತ್ತಿದ್ದೀರಿ ಎಂದರೆ, ನೇತಾಡುತ್ತಲೇ, ಇಲಿ ಹೊರಗಿದೆ ಎಂದರಂತೆ.

ಅಂದಿನಿಂದ ತೋಳು ಏಳಲಿಲ್ಲ. ಎದೆಯ ಮಟ್ಟಕ್ಕೆ ಬಂದು ನಿಂತುಬಿಡುತ್ತಿತ್ತು. ಎಣ್ಣೆ ಕಾಯಿಸಿ ತಿಕ್ಕಿದ್ದಾಯಿತು, ಸೊಪ್ಪು ಕಟ್ಟಿದ್ದಾಯಿತು. ತಿಪಟೂರಿನಲ್ಲಿ ಎಕ್ಸ್‌ರೇ ತೆಗೆಸಿದರೆ ಮೂಳೆಯೆಲ್ಲ ಸರಿಯಾಗಿದೆ ಎಂದು ಬಂತು. ಎಡಗೈಯಲ್ಲಿ ಅಲ್ಲಾಡಿಸಿದರಾಗದೇ ಎಂದು ನಾನೊಮ್ಮೆ ಕೇಳಿದೆ. ಎಡಗೈಗೆ ಕಾಯಿಯ ಭಾಷೆ ಬರುವುದಿಲ್ಲವಂತೆ! ನಗಬೇಕೆಂದುಕೊಂಡೆ, ಅವರ ಮುಖ ನೋಡಿ ಸುಮ್ಮನಾದೆ.

ಕೊನೆಗೆ ನಾನೇ ಬೆಂಗಳೂರಿಗೆ ಕರೆದುಕೊಂಡು ಹೋದೆ. ಸ್ಕ್ಯಾನಿಂಗಿನಲ್ಲಿ ಗುಟ್ಟು ಹೊರಬಿತ್ತು. ಮೂಳೆ ಗಟ್ಟಿಯಾಗಿಯೇ ಇದೆ, ಆದರೆ ತೋಳೆತ್ತುವ ಸ್ನಾಯುವನ್ನು ಮೂಳೆಗೆ ಬಿಗಿದಿದ್ದ ಹುರಿ ಕಿತ್ತುಬಂದಿದೆ. ಅದನ್ನು ಮತ್ತೆ ಮೂಳೆಗೆ ಹೊಲಿಯಬೇಕು. ಭುಜ ಸೀಳಬೇಕಾಗಿಲ್ಲ, ಎರಡು ಮೂರು ಸಣ್ಣ ತೂತು ಸಾಕು, ಒಂದರಲ್ಲಿ ಕ್ಯಾಮೆರಾ, ಮಿಕ್ಕವುಗಳಲ್ಲಿ ಸಲಕರಣೆ, ಟೀವಿ ನೋಡಿಕೊಂಡು ಕೆಲಸ ಎಂದು ಡಾಕ್ಟರು ವಿವರಿಸಿದರು. ಕೈ ಎಷ್ಟು ಎತ್ತರ ಏಳುತ್ತದೆ ಎಂದು ಮಾತ್ರ ಈಗಲೇ ಹೇಳಲಾಗದು ಎಂದರು.

"ಕಾಯಿ ಹಿಡ್ಕಂಡು ಕಿವಿ ಮುಟ್ಬೇಕು, ಅಷ್ಟಾದ್ರೆ ಸಾಕು" ಎಂದರು ಮಾವ.

ಬೇರೆಯವರಾಗಿದ್ದರೆ ನೋವಾಗುತ್ತದೆಯೇ ಎಂದು ಕೇಳುತ್ತಿದ್ದರು. ಮಾವ ಕೇಳಿದ್ದು, ಎಲ್ಲ ಮುಗಿದ ಮೇಲೆ ಏನಾದರೂ ಮಿಗುತ್ತದೆಯೇ ಎಂದು. ಮಿಗುತ್ತೆ, ಒಂದು ಸಣ್ಣ ಸ್ಕ್ರೂ, ದಾರ ಕಟ್ಟಿರೋದು, ಅದು ಮೂಳೆಯಲ್ಲೇ ಇರುತ್ತೆ ಎಂದರು ಡಾಕ್ಟರು. ಮಾವನ ಮುಖ ಅರಳಿಹೋಯಿತು. ಹೊರಗೆ ಬಂದು ನನ್ನ ಕಿವಿಯಲ್ಲಿ, "ನಾನು ಹೊರ್ಗಡೆ ಮಿಗಿಸ್ತಿದ್ದೆ, ಇವ್ರು ಒಳ್ಗಡೆ ಮಿಗಿಸ್ತಾರೆ ಕಣ್ಲಾ. ಅದಕ್ಕೇ ಇವ್ರು ಡಾಕ್ಟ್ರು" ಎಂದರು.

ತಾವೂ ಆ ಟೀವಿ ನೋಡಲೇಬೇಕೆಂದು ಹಟ ಹಿಡಿದರು. ಡಾಕ್ಟರೂ ರಸಿಕರೇ, ಕತ್ತಿನ ಹತ್ತಿರ ಚುಚ್ಚುಮದ್ದು ಕೊಟ್ಟು ತೋಳನ್ನಷ್ಟೇ ಮರಗಟ್ಟಿಸಿ, ಪರದೆಯನ್ನು ಅವರತ್ತ ತಿರುಗಿಸಿದರಂತೆ. ಆ ಕಥೆಯನ್ನು ಮಾವ ವಾರ್ಡಿನಲ್ಲಿ ಹೇಳಿದ್ದೇ ಹೇಳಿದ್ದು. ಒಳಗೆಲ್ಲ ನೀರು ಬಿಟ್ಟು ಜಾಗ ಉಬ್ಬಿಸುತ್ತಾರೆ, ಆಗ ಹರಿದ ಹುರಿಯ ಎಳೆಗಳು ಬೆಳ್ಳಗೆ ತೇಲುತ್ತವೆ. ಅಂಚಿನ ಜುಂಗು ಕತ್ತರಿಸುತ್ತಾರೆ. ಮೂಳೆಯ ಮೈಯನ್ನು ಕೊಂಚ ಕೆರೆಯುತ್ತಾರೆ, ರಕ್ತ ಒಸರಿದರೆ ಹುರಿ ಚೆನ್ನಾಗಿ ಕೂಡಿಕೊಳ್ಳುತ್ತದಂತೆ. ಆಮೇಲೆ ಸ್ಕ್ರೂ ತಿರುಗಿಸಿ ಕೂರಿಸಿ, ಅದರ ದಾರವನ್ನು ಹುರಿಯೊಳಗೆ ತೂರಿಸುತ್ತಾರೆ, ಕೊಬ್ಬರಿ ಚೀಲದ ಬಾಯನ್ನು ದಬ್ಬಳದಲ್ಲಿ ಹೊಲಿದ ಹಾಗೆ! ಗಂಟು ಹಾಕುವುದು ಮಾತ್ರ ಹೊರಗೆ. ಹೊರಗೆ ಹಾಕಿದ ಗಂಟನ್ನು ಒಂದು ಕಡ್ಡಿಯಲ್ಲಿ ನೂಕಿ ನೂಕಿ ಒಳಗೆ ಬಿಗಿ ಮಾಡುತ್ತಾರೆ ಎಂದು ಡಾಕ್ಟರು ಆಮೇಲೆ ಹೇಳಿದರಂತೆ.

ಆ ಗಂಟನ್ನು ಮಾವನಿಗೆ ನೋಡಲಾಗಲಿಲ್ಲ. ಕ್ಯಾಮೆರಾವನ್ನು ಸ್ವಲ್ಪ ಎಡಕ್ಕೆ ತಿರುಗಿಸಿ, ಆ ಮೂಲೆಯಲ್ಲೇನೋ ಕಾಣುತ್ತಿದೆ ಎಂದು ಡಾಕ್ಟರಿಗೇ ಸಲಹೆ ಕೊಡತೊಡಗಿದ್ದರಿಂದ ನಿದ್ದೆಯ ಮದ್ದು ಕೊಟ್ಟುಬಿಟ್ಟರಂತೆ. ಸಿನಿಮಾದ ಕೊನೇ ರೀಲಿನ ಹೊತ್ತಿಗೆ ಟಾಕೀಸಿನಿಂದ ಎಬ್ಬಿಸಿ ಮನೆಗೆ ಕಳಿಸಿದಂತಾಯಿತು ಎಂದು ಇವತ್ತಿಗೂ ಕೊರಗುತ್ತಾರೆ.

ಊರಿಗೆ ಬಂದರು. ಕೈ ಕತ್ತಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿ. ಹುರಿ ಮೂಳೆಗೆ ಕೂಡಿಕೊಳ್ಳುವವರೆಗೆ ತೋಳು ಅಲ್ಲಾಡಬಾರದು, ಮತ್ತೆ ಹರಿದರೆ ಹೊಲಿಯಲು ಅಲ್ಲಿ ಗಟ್ಟಿ ಜಾಗವೇ ಇರುವುದಿಲ್ಲ ಎಂದು ಡಾಕ್ಟರು ಬಿಗಿಯಾಗಿ ಹೇಳಿದ್ದರು. ಹೇಳಿದ್ದು ಯಾರಿಗೆ? ಕಾಯಿ ಸೀಮೆಯ ಮನುಷ್ಯನಿಗೆ! ಒಂದು ಮಧ್ಯಾಹ್ನ ಅತ್ತೆ ಬಂದು ನೋಡಿದರೆ ಮಾವ ಜಗಲಿಯ ಮೇಲೆ ಜೋಳಿಗೆ ಬಿಚ್ಚಿಟ್ಟು, ಎಡಗೈಯಲ್ಲಿ ಬಲ ಮೊಣಕೈ ಹಿಡಿದು, ತಲೆಯನ್ನು ಭುಜಕ್ಕೆ ವಾಲಿಸಿ, ಕಣ್ಣು ಮುಚ್ಚಿ ಮೆಲ್ಲಗೆ ಅಲ್ಲಾಡಿಸುತ್ತಿದ್ದಾರೆ! ಕೊಬ್ಬರಿ ಬಿಟ್ಟರೆ ಸದ್ದಾಗುತ್ತದೆ, ಹಾಗಾದರೆ ಹುರಿ ಅಂಟಿದ್ದರೆ ಸದ್ದು ನಿಲ್ಲಬೇಕಲ್ಲ ಎನ್ನುವುದು ಲೆಕ್ಕ.

ಜನ್ಮದಲ್ಲಿ ದನಿ ಎತ್ತದ ಅತ್ತೆ ಅವತ್ತು ಬೀದಿಗೆಲ್ಲ ಕೇಳುವಂತೆ ಬೈದರು. ಬೈದು, ಅತ್ತು, ಆಮೇಲೆ ಒಂದು ಕರಾರು ಮಾಡಿದರು. ದಿನಾ ಬೆಳಿಗ್ಗೆ ತಾವೇ ಭುಜಕ್ಕೆ ಕಿವಿಯಿಟ್ಟು ಕೇಳಿ ಹೇಳುತ್ತಾರೆ, ಮಾವ ಅಲ್ಲಾಡುವಂತಿಲ್ಲ.

ಮುಂದಿನ ಭಾನುವಾರ ಹೋದಾಗ ಈ ತಮಾಷೆಯನ್ನು ಕಣ್ಣಾರೆ ನೋಡಿದೆ. ಮಾವ ಉಸಿರು ಬಿಗಿಹಿಡಿದು ಕೂತಿದ್ದರು. ಅತ್ತೆ ಭುಜದ ಮೇಲೆ ಕಿವಿಯಿಟ್ಟು ಬಹಳ ಹೊತ್ತು ಕೇಳಿದರು.

"ಏನಂತದೆ?"

"ಇನ್ನೂ ಆಗಿಲ್ಲ. ಸುಮ್ಕೆ ಕುಂತ್ಕಳಿ."

ಮಾವ ಜೋಳಿಗೆ ಸರಿಮಾಡಿಕೊಂಡರು. ನನಗೆ ನಗು ತಡೆಯಲಾಗಲಿಲ್ಲ. ಅಡುಗೆಮನೆಗೆ ಹೋಗಿ, ನಿಜವಾಗಿ ಏನು ಕೇಳಿಸುತ್ತದೆ ಅತ್ತೆ ಎಂದು ಕೇಳಿದೆ. ಅವರು ರಾಗಿ ಹಿಟ್ಟು ಜರಡಿ ಆಡುವುದನ್ನು ನಿಲ್ಲಿಸಲಿಲ್ಲ.

"ಭುಜದಾಗೆ ಏನ್ ಕೇಳ್ತದಪ್ಪ. ಎದೆ ಹೊಡ್ಕಳೋದು ಕೇಳ್ತದೆ. ಕೈ ಏಳ್ದಿದ್ರೆ ಏನ್ ಗತಿ ಅಂತ ಶಾನೆ ಹೆದ್ರಕಂಡವ್ರೆ ಕಣಪ್ಪ."

ನನ್ನ ನಗು ಅಲ್ಲೇ ನಿಂತುಹೋಯಿತು. ಇಷ್ಟು ದಿನ ಅವರ ಕುತೂಹಲವನ್ನು ನೋಡಿ ನಕ್ಕವರೇ ನಾವೆಲ್ಲ. ಅದರ ಕೆಳಗೆ ಹೆದರಿಕೆ ಇದ್ದದ್ದು ಅತ್ತೆಗೆ ಮಾತ್ರ ಕೇಳಿಸಿತ್ತು.

ಜೋಳಿಗೆ ಹೋಯಿತು. ಗೋಡೆಯ ಮೇಲೆ ಬೆರಳುಗಳನ್ನು ನಡೆಸುವ ವ್ಯಾಯಾಮ ಶುರುವಾಗಿ ತಿಂಗಳುಗಟ್ಟಲೆ ನಡೆಯಿತು. ಮಾವನ ಕೈ ಸೊಂಟದಿಂದ ಎದೆಗೆ, ಎದೆಯಿಂದ ಗದ್ದಕ್ಕೆ ಬಂದು ಅಲ್ಲಿ ಮೊಂಡು ಹಿಡಿಯಿತು. ಅಷ್ಟರಲ್ಲಿ ಅಟ್ಟದ ಕಾಯಿ ಇಳಿಸುವ ಕಾಲ ಬಂತು. ಏಣಿಯನ್ನು ಮುಟ್ಟಕೂಡದು ಎಂದು ಅತ್ತೆ ಮೊದಲೇ ಅಪ್ಪಣೆ ಮಾಡಿದ್ದರಿಂದ ನಾನೇ ಹತ್ತಿ ಒಂದು ಕಾಯಿ ತಂದುಕೊಟ್ಟೆ. ಸುಲಿಯುವವನು ಹಾರೆ ನೆಟ್ಟು ಕಾಯುತ್ತಿದ್ದ.

ಮಾವ ಕಾಯನ್ನು ಬಲಗೈಯಲ್ಲಿ ತೆಗೆದುಕೊಂಡರು. ಎದೆ ದಾಟಿತು. ಗದ್ದದ ಹತ್ತಿರ ಕೈ ನಿಂತಿತು. ಹಣೆಯಲ್ಲಿ ಬೆವರು. ಹಲ್ಲು ಕಚ್ಚಿ ಇನ್ನಷ್ಟು ಎತ್ತಿದರು, ಇನ್ನಷ್ಟು, ಕೊನೆಗೂ ಕಾಯಿ ಕಿವಿಯ ಮಟ್ಟಕ್ಕೆ ಬಂತು.

ಅಲ್ಲಿಂದ ಅವರು ಮೆಲ್ಲಗೆ ತಿರುಗಿ, ಮಂಕರಿ ಹಿಡಿದು ನಿಂತಿದ್ದ ಅತ್ತೆಯ ಕಿವಿಯ ಹತ್ತಿರ ಅದನ್ನು ಹಿಡಿದು ಅಲ್ಲಾಡಿಸಿದರು.

"ಕೇಳೇ. ಏನಂತದೆ?"

ಅತ್ತೆ ಮಂಕರಿ ಕೆಳಗಿಟ್ಟು ಕಣ್ಣು ಮುಚ್ಚಿದರು. ಕೆನ್ನೆಯ ಮೇಲೆ ನೀರಿಳಿಯಿತು, ಒರೆಸಿಕೊಳ್ಳಲಿಲ್ಲ.

"ಬಿಟ್ಟೈತೆ."

ಮಾವ ಆ ಕಾಯನ್ನು ತಮ್ಮ ಕಿವಿಯ ಹತ್ತಿರ ತರಲೇ ಇಲ್ಲ. ನೇರವಾಗಿ ಸುಲಿಯುವವನ ಕೈಗೆ ಕೊಟ್ಟುಬಿಟ್ಟರು.