ಪರೀಕ್ಷೆಗೆ ಸಿಕ್ಕ ಹಿಮ್ಮಡಿ

ಒಂಬತ್ತನೇ ತರಗತಿಯ ಹುಡುಗನೊಬ್ಬನಿಗೆ ಕಂಕುಳಲ್ಲಿ ವಿಪರೀತ ಕಚಗುಳಿ. ಆ ಒಂದೇ ಕಾರಣಕ್ಕೆ ಸೀಗೆಕುಂಟೆ ಹೈಸ್ಕೂಲಿನ ಜವಾನ ಬೈಲಪ್ಪ ಆ ಶನಿವಾರ ಲಾರಿಯಿಂದ ಬೀಳಬೇಕಾಯಿತು.

ನಿಜವಾದ ಲಾರಿಯೂ ಅಲ್ಲ, ನಿಜವಾಗಿ ಬಿದ್ದದ್ದೂ ಅಲ್ಲ. ಅದು ಅರವತ್ತೊಂಬತ್ತನೇ ಇಸವಿ. ಹೈಸ್ಕೂಲು ಮಕ್ಕಳಿಗೆ ಓದಿನ ಜೊತೆಗೇ ಆಸ್ಪತ್ರೆ ಕೆಲಸ, ಅಪಘಾತದಲ್ಲಿ ಜೀವ ಉಳಿಸುವ ಕೆಲಸ, ಬೆಂಕಿ ಆರಿಸುವ ಕೆಲಸ ಕಲಿಸುವ ತರಬೇತಿಯೊಂದು ಶಾಲೆಗೆ ಬಂದಿತ್ತು. ಶನಿವಾರ ಮಧ್ಯಾಹ್ನ ಡ್ರಿಲ್ ಮೇಷ್ಟ್ರು ವೆಂಕಟರಾಯಪ್ಪ ಪಾಠ ಹೇಳುತ್ತಿದ್ದರು. ಆರು ತಿಂಗಳಾದ ಮೇಲೆ ಪರೀಕ್ಷೆ. ಪಾಸಾದ ಹುಡುಗರಿಗೆ ಅಗ್ನಿಶಾಮಕ ದಳದಲ್ಲೋ ಆಂಬುಲೆನ್ಸಿನಲ್ಲೋ ಕೆಲಸ ಕಲಿಯುವ ಅವಕಾಶ. ಹುಡುಗಿಗೆ ಬೆಂಗಳೂರಿನಲ್ಲಿ ನರ್ಸ್ ತರಬೇತಿಯ ಸೀಟು. ಹುಡುಗಿಯರಿಗೆ ಎನ್ನುವಂತಿಲ್ಲ, ಇದ್ದವಳು ಒಬ್ಬಳೇ. ಅವಳು ಬೈಲಪ್ಪನ ಮಗಳು ಭಾಗ್ಯಮ್ಮ.

ಪರೀಕ್ಷೆಗೆ ಒಬ್ಬ ರೋಗಿ ಬೇಕು. ರೋಗಿಯಾಗಬೇಕಿದ್ದ ಹುಡುಗ, ಕಂಕುಳ ಕೆಳಗೆ ಮರದ ಪಟ್ಟಿ ಇಟ್ಟ ಕೂಡಲೇ ಕುಲುಕುಲು ನಗತೊಡಗಿದ. ಕಾಲು ಮುರಿದವನು ಹೀಗೆ ನಕ್ಕರೆ ಪರೀಕ್ಷಕರು ಏನೆಂದಾರು? ವೆಂಕಟರಾಯಪ್ಪ ಮೇಷ್ಟ್ರು ಹತಾಶರಾಗಿ ಸುತ್ತ ನೋಡಿದರು. ಗಂಟೆ ಹೊಡೆಯುವ ಕೋಲು ಹಿಡಿದು ಬೈಲಪ್ಪ ನಿಂತಿದ್ದ. ಹನ್ನೊಂದು ವರ್ಷದ ಸರ್ವೀಸಿನಲ್ಲಿ ಅವನು ನಕ್ಕದ್ದನ್ನು ಯಾರೂ ಕಂಡಿರಲಿಲ್ಲ.

"ಬೈಲಪ್ಪಾ, ಬಾರಯ್ಯ ಇಲ್ಲಿ. ಮಲಕ್ಕೋ."

ಬೈಲಪ್ಪ ಬೇಡವೆನ್ನಲಿಲ್ಲ. ಮಗಳ ಪರೀಕ್ಷೆ. ಮನೆಯಲ್ಲಿ ಅವನ ತಾಯಿ ಪಿಳ್ಳಮ್ಮ ಆಗಲೇ ನಂದಗುಡಿ ಕಡೆಯ ಗಂಡೊಂದನ್ನು ನೋಡಿಟ್ಟುಕೊಂಡು, "ಸೀಟು ಸಿಕ್ಕಿದ್ರೆ ಓದ್ಲಿ. ಸಿಗ್ಲಿಲ್ವಾ, ಬರೋ ತಿಂಗ್ಳೇ ಓಲಗ ಊದಿಸ್ಬಿಡ್ತೀನಿ" ಎಂದು ಖಡಾಖಂಡಿತವಾಗಿ ಹೇಳಿದ್ದಳು. ಅಂದಿನಿಂದ ಭಾಗ್ಯಮ್ಮ ಬೆಳಿಗ್ಗೆ ಸಂಜೆ ಅಪ್ಪನ ಕೈ, ಕಾಲು, ತಲೆಗಳಿಗೆ ಬಟ್ಟೆ ಸುತ್ತಿ, ಪಿನ್ನು ಚುಚ್ಚಿ, ಬಿಚ್ಚಿ ಅಭ್ಯಾಸ ಮಾಡಿದ್ದಳು.

"ಅಪ್ಪಾ, ಏನೇ ಆದ್ರೂ ಅಲ್ಲಾಡ್ಬೇಡ" ಎಂದು ಅವಳು ಕಿವಿಯಲ್ಲಿ ಹೇಳಿದಳು.

ಹತ್ತು ಗಂಟೆಗೆ ಜೀಪು ಬಂತು. ಇಳಿದವರು ಪರೀಕ್ಷಕಿ ಅನುಸೂಯಮ್ಮ. ಮೂವತ್ತು ವರ್ಷ ನರ್ಸಾಗಿ ದುಡಿದ ಹೆಂಗಸು; ಬಿಳೀ ಸೀರೆ, ದಪ್ಪ ಕನ್ನಡಕ. ಅವರು ನಡೆದು ಬಂದರೆ ಜಗಲಿಯ ಗುಬ್ಬಿಗಳೂ ಸಾಲಾಗಿ ಕೂರುತ್ತವೇನೋ ಎನ್ನಿಸುವಂಥ ಗತ್ತು. ಐದು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಅವರು ಹೇಳಿದರು:

"ಒಂದೇ ಮಾತು ಹೇಳ್ತೀನಿ, ಕೇಳಿ. ರೋಗಿಯನ್ನ ಉಳಿಸೋಕೆ ಬಂದವರು ನೀವು. ನಿಮ್ಮ ಕೈಯಿಂದ ರೋಗಿಗೆ ಒಂದು ಗೀರು ಬಿದ್ದರೂ, ಯಾರು ಮಾಡಿದ್ರೋ ಅವರು ಸೀದಾ ಮನೆಗೆ."

ಆಮೇಲೆ ಚೀಟಿ ಓದಿದರು. ಲೋಡು ಲಾರಿಯ ಮೇಲಿಂದ ಬಿದ್ದವನು. ದವಡೆ ಮುರಿದಿದೆ, ಎಡತೊಡೆ ಮುರಿದಿದೆ.

ಮಕ್ಕಳು ಮುಗಿಬಿದ್ದರು. ಒಬ್ಬ ದವಡೆಯಿಂದ ನೆತ್ತಿಗೆ ಬಟ್ಟೆ ಬಿಗಿದ. ಬೈಲಪ್ಪನ ಬಾಯಿ ಟ್ರಂಕು ಮುಚ್ಚಿದಂತೆ ಮುಚ್ಚಿತು. ಇಬ್ಬರು ಕಂಕುಳಿನಿಂದ ಪಾದದವರೆಗೆ ಪಟ್ಟಿ ಇಟ್ಟು ಎಂಟು ಕಡೆ ಕಟ್ಟಿದರು. ಭಾಗ್ಯಮ್ಮ ಎರಡೂ ಪಾದಗಳನ್ನು ಸೇರಿಸಿ ಸುತ್ತಿದಳು. ತಂಡದ ನಾಯಕ ಜವರಪ್ಪ ಸ್ಟೋರ್ ರೂಮಿನ ಕಂಬಳಿ ತಂದು ಹೊದಿಸಿ, ಪಾದದ ಬಳಿ ಜಾರದಂತೆ ಸಿಕ್ಕಿಸಿದ. ಬೈಲಪ್ಪ ರಾಗಿಹುಲ್ಲಿನ ಕಟ್ಟಿನಂತೆ ಬಿದ್ದುಕೊಂಡಿದ್ದ. ಬಲಗೈ ಒಂದು ಮಾತ್ರ ಅವನ ಸ್ವಾಧೀನದಲ್ಲಿತ್ತು.

"ಎತ್ತಿ" ಎಂದ ಜವರಪ್ಪ.

ಸ್ಟ್ರೆಚರು ಮೇಲೆದ್ದಿತು. ಆಗ ಬಲ ಹಿಮ್ಮಡಿಗೆ ಏನೋ ಕಚ್ಚಿತು.

ಬೈಲಪ್ಪನ ಮೈ ಜುಂ ಎಂದಿತು. ಆ ಕಂಬಳಿ! ಅದೇ ಸ್ಟೋರ್ ರೂಮಿನಲ್ಲಿ ಮೊನ್ನೆ ಅವನೇ ಗುಡಿಸುವಾಗ ಮೊಳದುದ್ದದ ಹಾವಿನ ಪೊರೆ ಸಿಕ್ಕಿತ್ತು. "ಉಂ! ಉಂಮ್!" ಎಂದ.

"ಪರವಾಗಿಲ್ಲ, ನೋವು ಚೆನ್ನಾಗಿ ತೋರಿಸ್ತಾನೆ" ಎಂದರು ಅನುಸೂಯಮ್ಮ. ವೆಂಕಟರಾಯಪ್ಪ ಮೇಷ್ಟ್ರು ಹೆಮ್ಮೆಯಿಂದ ಪೇಟ ಸರಿಮಾಡಿಕೊಂಡರು.

ಮತ್ತೊಮ್ಮೆ ಕಚ್ಚಿತು. ಅಲ್ಲಾಡಬೇಡ ಎಂದಿದ್ದಾಳೆ ಮಗಳು. ಬೈಲಪ್ಪ ಹಲ್ಲು ಕಚ್ಚಿದ. ಅದು ಸುಲಭವಿತ್ತು, ಹಲ್ಲು ಬಿಡಿಸಲು ಹೇಗೂ ಆಗುತ್ತಿರಲಿಲ್ಲ. ಎದೆ ಮಗ್ಗದ ಲಾಳಿಯಂತೆ ಆ ಕಡೆ ಈ ಕಡೆ ಹೊಡೆಯತೊಡಗಿತು. ಮೂರನೇ ಸಲ ಚುಚ್ಚಿದಾಗ ತಡೆಯಲಾಗಲಿಲ್ಲ. ಬಲಗೈ ಎತ್ತಿ ಪಾದದ ಕಡೆ ತೋರಿಸಿ, ಐದೂ ಬೆರಳು ಕೂಡಿಸಿ ಹೆಡೆಯಂತೆ ಆಡಿಸಿದ.

ಕಿಟಕಿಯಲ್ಲಿ ಊರವರು ತುಂಬಿದ್ದರು. ಗೇಟಿನ ಬಳಿ ಕಡಲೇಕಾಯಿ ಮಾರುವ ಮಾರಕ್ಕ ಮೊದಲು ಕಿರುಚಿದಳು. "ಹಾವು ಕಣ್ರೋ! ಕಂಬ್ಳೀಲಿ ಹಾವೈತೆ!"

ಸ್ಟ್ರೆಚರು ಧೊಪ್ಪನೆ ನೆಲಕ್ಕೆ ಬಿತ್ತು. ಹೊತ್ತಿದ್ದ ಹುಡುಗರು ಬೆಂಚಿನ ಮೇಲಿದ್ದರು. ಮೇಷ್ಟ್ರು ಅವರಿಗಿಂತ ಎತ್ತರದಲ್ಲಿ, ಮೇಜಿನ ಮೇಲಿದ್ದರು. ನೆಲದಲ್ಲಿ ಉಳಿದವರು ಅನುಸೂಯಮ್ಮ, ಭಾಗ್ಯಮ್ಮ, ಮತ್ತು ಬೇರೆ ದಾರಿಯಿಲ್ಲದ ಬೈಲಪ್ಪ.

ಅನುಸೂಯಮ್ಮ ಛತ್ರಿಯ ತುದಿಯಿಂದ ಕಂಬಳಿ ಎಳೆದು ಬಿಸಾಡಿದರು. ಏನೂ ಕಾಣಲಿಲ್ಲ. "ಗಲಾಟೇಲಿ ಹಾವು ಹರಿದು ಹೋಗಿರುತ್ತೆ. ಇಳೀರೋ ಕೆಳಕ್ಕೆ! ಇದಕ್ಕಿಂತ ದೊಡ್ಡ ಪರೀಕ್ಷೆ ನಿಮಗೆ ಸಿಗಲ್ಲ. ನೀವೇ ಚಿಕಿತ್ಸೆ ಮಾಡಿ, ನಾನು ನೋಡ್ತೀನಿ."

ನಾಚಿಕೆಯಿಂದಲೋ ಭಯದಿಂದಲೋ ಹುಡುಗರು ಇಳಿದರು. ಜವರಪ್ಪ ಮಂಡಿಯ ಮೇಲೆ ಬಿಗಿಯಾಗಿ ಬಟ್ಟೆ ಕಟ್ಟಿದ. ಇನ್ನೊಬ್ಬ ಪೆಟ್ಟಿಗೆಯಿಂದ ಬ್ಲೇಡನ್ನೂ ನೇರಳೆ ಬಣ್ಣದ ಪುಡಿಯನ್ನೂ ತೆಗೆದ. ಕಚ್ಚಿದ ಜಾಗ ಕೊಯ್ದು ಆ ಪುಡಿ ತುಂಬಬೇಕೆಂದು ಅವರಿಗೆ ಪಾಠವಾಗಿತ್ತು. ಯಾರೋ ಬೈಲಪ್ಪನ ದವಡೆಯ ಕಟ್ಟನ್ನೂ ಮರದ ಪಟ್ಟಿಯನ್ನೂ ಬಿಚ್ಚಿ ತಲೆ ಎತ್ತಿ ಹಿಡಿದರು. ಅದೇ ಹೊತ್ತಿಗೆ ಭಾಗ್ಯಮ್ಮ ಪಾದದ ಕಟ್ಟು ಬಿಚ್ಚುತ್ತಿದ್ದಳು.

ಬೈಲಪ್ಪನಿಗೆ ಕಂಡಿತು.

ಮಗಳ ಕೈಯಲ್ಲಿದ್ದ ಬಟ್ಟೆಯ ಮಡಿಕೆಯಲ್ಲಿ ಒಂದು ಪಿನ್ನು, ಬಾಯಿ ತೆರೆದುಕೊಂಡು, ತುದಿಯಲ್ಲಿ ಕೆಂಪಗೆ ಹೊಳೆಯುತ್ತಿತ್ತು. ಹಾವೂ ಇಲ್ಲ, ಹಲ್ಲಿಯೂ ಇಲ್ಲ. ಮಗಳು ಸುತ್ತಿದ ಕಟ್ಟು, ಮಗಳ ಪಿನ್ನು. ಒಂದು ಗೀರು ಬಿದ್ದರೂ ಸೀದಾ ಮನೆಗೆ! ಓಲಗದ ಸದ್ದು ಅವನ ಕಿವಿಯಲ್ಲೇ ಕೇಳಿಸಿತು. ಭಾಗ್ಯಮ್ಮ ಗಾಯದ ಕಡೆ ಬಗ್ಗಿದ್ದಳು, ಪಿನ್ನು ನೋಡಿರಲಿಲ್ಲ. ಬೈಲಪ್ಪ ಬಲಗೈ ಚಾಚಿ, ನೋವಿಗೆ ಹೊರಳುವವನಂತೆ ಹೊರಳಿ, ಪಿನ್ನು ಕಿತ್ತು ಮುಷ್ಟಿಯೊಳಗೆ ಮುಚ್ಚಿಕೊಂಡ. ಅದು ಅಂಗೈಗೂ ಚುಚ್ಚಿತು.

"ಮೇಡಂ" ಎಂದಳು ಭಾಗ್ಯಮ್ಮ, "ಇದು ಹಾವಲ್ಲ."

ಎಲ್ಲರೂ ಅವಳತ್ತ ತಿರುಗಿದರು.

"ನೋಡಿ, ಊತ ಇಲ್ಲ. ಒಂದು ತೂತು ದೊಡ್ಡದು, ಒಂದು ಚಿಕ್ಕದು, ಇನ್ನೊಂದು ಬರೀ ಗೀರು. ಪಿನ್ನು ಚುಚ್ಚಿರ್ಬೇಕು ಅನ್ಸುತ್ತೆ."

ಬೈಲಪ್ಪನಿಗೆ ಜೀವ ಹೋದಂತಾಯಿತು. ಅಯ್ಯೋ ಪೆದ್ದೀ, ನಿನ್ನ ಕುತ್ತಿಗೆಗೆ ನೀನೇ ಹಗ್ಗ ಹಾಕ್ಕೋತೀಯಲ್ಲೇ!

ಅನುಸೂಯಮ್ಮ ಬಗ್ಗಿ ನೋಡಿದರು. ಒಂದು ಕ್ಷಣ ಅವರಿಗೂ ಅನುಮಾನ ಬಂತು. "ಏನಪ್ಪಾ, ನೀನು ಹೇಳು. ಏನು ಕಚ್ಚಿದ್ದು?"

"ಹಾವೇ ಕಣ್ರವ್ವಾ!" ಎಂದ ಬೈಲಪ್ಪ. "ಕಣ್ಣಾರೆ ಕಂಡೆ!"

"ಕಂಬಳಿ ಒಳಗೆ ಹೆಂಗಪ್ಪಾ ಕಂಡೆ?" ಎಂದಳು ಮಗಳು.

"ನೀ ಸುಮ್ಕಿರಮ್ಮಿ! ಕರ್ರಗಿತ್ತು, ಬುಸ್ ಅಂತು."

ಕಿಟಕಿಯಿಂದ ಪಂಚಾಯ್ತಿ ಮೆಂಬರು ಮುನಿರಾಮಯ್ಯ ಗಟ್ಟಿಯಾಗಿ ಕೂಗಿದರು. "ಇಷ್ಟಕ್ಕೆಲ್ಲ ಜಗಳ ಯಾಕೆ? ಬೇವಿನ ಸೊಪ್ಪು ತಿನ್ಸಿ. ಕಹಿ ಅಂದ್ರೆ ವಿಷ ಇಲ್ಲ. ಸಿಹಿ ಅಂದ್ರೆ ಏರ್ತಾ ಐತೆ ಅಂತ."

ಯಾರೂ ಬೇಕು ಬೇಡ ಎನ್ನುವ ಮೊದಲೇ ಮಾರಕ್ಕ ಕಿಟಕಿಯ ಪಕ್ಕದ ಮರದಿಂದ ಒಂದು ಹಿಡಿ ಸೊಪ್ಪು ಕಿತ್ತು, ಸರಳುಗಳ ನಡುವೆ ಕೈ ತೂರಿಸಿ ಕೊಟ್ಟಳು. ಜವರಪ್ಪ ಅಷ್ಟನ್ನೂ ಬೈಲಪ್ಪನ ಬಾಯಿಗೆ ತುರುಕಿದ. ಆಷಾಢದ ಬೇವು. ಬೈಲಪ್ಪನ ನಾಲಿಗೆ ಒಳಗೆ ಸುರುಟಿಕೊಂಡು ಗಂಟಲಿಗೆ ಓಡಲು ನೋಡಿತು. ಕಣ್ಣಲ್ಲಿ ನೀರು ಕಿತ್ತುಕೊಂಡು ಬಂತು. ಭಾಗ್ಯಮ್ಮ ಅಪ್ಪನ ಮುಖವನ್ನೇ ನೋಡುತ್ತಿದ್ದಳು.

"ಹೆಂಗೈತೆ?" ಎಂದರು ಮುನಿರಾಮಯ್ಯ.

ಬೈಲಪ್ಪ ನುಂಗಿದ. "ಬೆಲ್ಲ" ಎಂದ. "ಬೆಲ್ಲದ ಪಾಕ."

ಮಾರಕ್ಕ ಎದೆ ಬಡಿದುಕೊಂಡು ಅಳತೊಡಗಿದಳು. ಅನುಸೂಯಮ್ಮ ಬೇವನ್ನು ನಂಬುವವರಲ್ಲ, ಆದರೆ ಕಾಯುವವರೂ ಅಲ್ಲ. "ಅನುಮಾನ ಇದ್ದಾಗ ಹಾವು ಅಂತಲೇ ತಿಳ್ಕೋಬೇಕು. ಕೊಯ್ಯಿ" ಎಂದರು.

ಜವರಪ್ಪ ಬ್ಲೇಡು ಹಿಡಿದ. ಭಾಗ್ಯಮ್ಮ ಫಕ್ಕನೆ ಅವನ ಮಣಿಕಟ್ಟು ಹಿಡಿದಳು. "ಬೇಡ ಕಣೋ! ಸುಮ್ಸುಮ್ನೆ ಕೊಯ್ಬೇಡ! ಅಪ್ಪಾ, ನಿಜ ಹೇಳಪ್ಪಾ!"

"ಕೊಯ್ಯಪ್ಪಾ ಜವರಪ್ಪ!" ಎಂದು ಬೈಲಪ್ಪ ಕಣ್ಣು ಮುಚ್ಚಿದ.

ಬ್ಲೇಡು ಹೊಕ್ಕಿತು. ನೇರಳೆ ಪುಡಿ ಹೊಕ್ಕಿತು. ಬೈಲಪ್ಪನ ಕೂಗು ಆಚೆ ಊರು ತೂಬಗೆರೆಯವರೆಗೆ ಕೇಳಿಸಿತೆಂದು ಆಮೇಲೆ ಜನ ಆಡಿಕೊಂಡರು. ನೋವಿನ ನಡುವೆಯೂ ಅವನಿಗೆ ಒಂದು ಸಮಾಧಾನವಿತ್ತು. ಪಿನ್ನು ಮುಷ್ಟಿಯಲ್ಲಿ ಭದ್ರವಾಗಿತ್ತು.

ಅವನನ್ನು ಜೀಪಿನ ಹಿಂದೆ ಮಲಗಿಸಿದರು. ದೊಡ್ಡಬಳ್ಳಾಪುರದ ಆಸ್ಪತ್ರೆಗೆ ಹೊರಡಬೇಕು. ಹತ್ತುವ ಮೊದಲು ಅನುಸೂಯಮ್ಮ ಹಾಳೆಯ ಮೇಲೆ ಸರಸರ ಬರೆದು ಮೇಷ್ಟ್ರ ಕೈಗೆ ಕೊಟ್ಟರು. "ನಾಲ್ಕು ಜನ ಹುಡುಗರು ಪಾಸು. ಜವರಪ್ಪ ಮೊದಲನೆಯವನು. ಹುಡುಗಿ ನಪಾಸು. ರೋಗಿ ಹಾವು ಹಾವು ಅಂತ ಬಾಯಿ ಬಿಟ್ಟು ಹೇಳ್ತಿದ್ರೂ ಇಲ್ಲ ಅಂದು, ಚಿಕಿತ್ಸೆಗೆ ಅಡ್ಡ ಬಂದಳು. ಇಂಥವಳನ್ನ ಆಸ್ಪತ್ರೆಗೆ ಕಳಿಸಿದ್ರೆ ರೋಗಿಗಳ ಗತಿ ಏನು?"

ಬೈಲಪ್ಪ ಮಲಗಿದ್ದಲ್ಲಿಂದ ಎದ್ದು ಕೂತ. "ಅಮ್ಮಾವ್ರೇ! ತಾಳಿ! ಹಾವಲ್ಲ ಕಣ್ರವ್ವಾ, ಪಿನ್ನು! ಇಗಾ ನೋಡಿ!" ಎಂದು ಮುಷ್ಟಿ ಬಿಚ್ಚಿ ಚಾಚಿದ. "ಬೇವೂ ಕಹಿಯೇ ಇತ್ತು! ಇನ್ನೂ ಕಹಿಯಾಗೈತೆ!"

"ಮಾತು ತಪ್ಪೋಯ್ತು!" ಎಂದರು ಮುನಿರಾಮಯ್ಯ ಜನರ ನಡುವಿನಿಂದ. "ನೆತ್ತಿಗೇರ್ಬಿಟ್ಟೈತೆ!"

ಅನುಸೂಯಮ್ಮ ಅವನ ಹಣೆ ಮುಟ್ಟಿ ನೋಡಿದರು. ಅರಚಿ ಅರಚಿ ಅದು ಬಿಸಿಯಾಗಿತ್ತು. "ಕೈಗೆ ಸಿಕ್ಕಿದ್ದನ್ನೆಲ್ಲ ಹಿಡ್ಕೊಂಡಿದಾನೆ ಪಾಪ. ಮಲಗಿಸ್ರಪ್ಪಾ. ಡ್ರೈವರ್, ಜೋರಾಗಿ ಓಡ್ಸು."

ಜೀಪು ಹೊರಟಿತು. ಹಿಂದೆ ಬೈಲಪ್ಪನ ಕಾಲು ಅದುಮಿ ಹಿಡಿದು ಜವರಪ್ಪ ಕೂತಿದ್ದ, ತಲೆಯ ಬಳಿ ಭಾಗ್ಯಮ್ಮ. ಅವಳು ಅಳುತ್ತಿರಲಿಲ್ಲ. ಇಂಜಿನ್ನಿನ ಸದ್ದಿನಲ್ಲಿ ಬೈಲಪ್ಪ ಅವಳಿಗೆ ಮಾತ್ರ ಕೇಳುವಂತೆ ಹೇಳಿದ. "ನಿನ್ನ ಪಿನ್ನು ಅಂತ ಗೊತ್ತಾದ್ರೆ ನಿನ್ನ ಮನೇಗೆ ಕಳಿಸ್ತಾರಲ್ಲಾ ಅಂತ ಹಂಗಂದೆ ಕಣವ್ವಾ."

ಭಾಗ್ಯಮ್ಮ ಅಪ್ಪನ ಕಿವಿಯ ಬಳಿ ಬಗ್ಗಿದಳು.

"ನಾನು ಪಿನ್ನೇ ಹಾಕಿಲ್ಲಪ್ಪ, ಗಂಟು ಹಾಕಿದ್ದೆ. ಕಂಬಳಿ ಜಾರ್ದೆ ಇರ್ಲಿ ಅಂತ ಪಿನ್ನು ಹಾಕಿದ್ದು ಈ ಜವರಪ್ಪ. ಮೇಲಕ್ಕೆತ್ತಿದಾಗ ಬಿಚ್ಕೊಂಡು ಕಟ್ಟಿನೊಳಕ್ಕೆ ಸೇರ್ಕೊಂಡಿರ್ಬೇಕು." ಅವಳು ಅಪ್ಪನ ತುಟಿಗೆ ಅಂಟಿದ್ದ ಬೇವಿನ ಎಲೆ ತೆಗೆದು ಹೊರಗೆ ಎಸೆದಳು. "ನನ್ ಪಿನ್ನಾಗಿದ್ರೆ, ಪಿನ್ನು ಪಿನ್ನು ಅಂತ ನಾನ್ಯಾಕಪ್ಪಾ ಬಡ್ಕೋತಿದ್ದೆ?"

ಬೈಲಪ್ಪ ಬಾಯಿ ತೆರೆದ.

"ಬೈಲಪ್ಪಣ್ಣಾ, ಮಾತಾಡ್ಬೇಡ" ಎಂದ ಜವರಪ್ಪ, ಹಿಮ್ಮಡಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಾ. "ನಿನ್ನ ಉಳಿಸೋ ಜವಾಬ್ದಾರಿ ನಂದು."